ಫೋಟೊ ನೋಡಿ ಹಳೆಯ ರೂಪಾಯಿಯ ಸ್ಥಿತಿ ಅಳೆಯುವುದು: ನನ್ನ ಅನುಭವ

ವಿಕ್ಟೋರಿಯಾ ರೂಪಾಯಿಯ ಅಡ್ಡಳತೆ 30.5 ಮಿ.ಮೀ. ಫೋಟೊದಲ್ಲಿ ಆ ನಾಣ್ಯ 300 ಪಿಕ್ಸೆಲ್ ಅಗಲವಿದ್ದರೆ ಒಂದೊಂದು ಪಿಕ್ಸೆಲ್‌ಗೆ 0.1 ಮಿ.ಮೀ. ಬಂತು. ವಿಭೂತಿ ಹಚ್ಚಿ ಉಜ್ಜಿದಾಗ ಬೀಳುವ ಕೂದಲೆಳೆಯಂಥ ಗೀರು ಅದಕ್ಕಿಂತ ತೆಳು, ಹಾಗಾಗಿ ಅಂಥ ಫೋಟೊದಲ್ಲಿ ಅದು ಕಾಣುವ ಮಾತೇ ಇಲ್ಲ. ನಾಣ್ಯವೊಂದೇ 1200 ಪಿಕ್ಸೆಲ್ ಅಗಲ ಇರುವ ಫೋಟೊ ಸಿಗುವವರೆಗೆ ನಾನು ದರ್ಜೆಯ ಮಾತು ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ, ಸಣ್ಣ ಗೀರುಗಳು ಅಲ್ಲಿಯೇ ಅಳಿಸಿಹೋಗುತ್ತವೆ. ಅದಕ್ಕೆ ಮಾರುವವರಿಗೆ ನಾನು ಮೊದಲು ಕಳಿಸುವ ಸಂದೇಶ ಯಾವಾಗಲೂ ಇದೇ: "ಸರ್, ಎರಡೂ ಮುಖ ಮತ್ತು ಅಂಚಿನ ಫೋಟೊ ಡಾಕ್ಯುಮೆಂಟ್ ಆಗಿ ಕಳಿಸಿ. ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು ತೆಗೆಯಿರಿ. ತೂಕದ ಯಂತ್ರದ ಮೇಲೆ ಇಟ್ಟಿದ್ದೂ ಒಂದು ಇರಲಿ. ಕಿಟಕಿ ಬೆಳಕಿನಲ್ಲಿ ನಾಣ್ಯವನ್ನು ನಿಧಾನ ಓರೆ ಮಾಡುತ್ತ ಹತ್ತು ಸೆಕೆಂಡ್ ವಿಡಿಯೊ ಮಾಡಿ."

ಆ ವಿಡಿಯೊವನ್ನು ನಾನು ಎಂದೂ ಬಿಟ್ಟುಕೊಡುವುದಿಲ್ಲ. ಟಂಕಸಾಲೆಯಿಂದ ಬಂದ ಮೂಲ ಹೊಳಪು ನಾಣ್ಯವನ್ನು ತಿರುಗಿಸಿದಂತೆ ಬಂಡಿ ಚಕ್ರದ ಅರೆಗಳ ಹಾಗೆ ಸುತ್ತುತ್ತದೆ. ಪಾಲಿಷ್ ಮಾಡಿದ ನಾಣ್ಯವೂ ಹೊಳೆಯುತ್ತದೆ, ಆದರೆ ಆ ಹೊಳಪು ಕನ್ನಡಿಯ ಹಾಗೆ ಒಮ್ಮೆಲೇ ಬಂದು ಒಮ್ಮೆಲೇ ಹೋಗುತ್ತದೆ. ನಿಂತ ಚಿತ್ರದಲ್ಲಿ ಇವೆರಡೂ ಬಿಳಿಯಾಗಿಯೇ ಕಾಣುತ್ತವೆ. ಸ್ಕ್ಯಾನರ್‌ನಲ್ಲಿ ತೆಗೆದ ಚಿತ್ರವಂತೂ ಹೊಳಪನ್ನೂ ಗೀರನ್ನೂ ಎರಡನ್ನೂ ನುಂಗುತ್ತದೆ. ಅದು ಇಸವಿ ಓದಲಿಕ್ಕೆ ಮಾತ್ರ ಸಾಕು.

ಕವರಿನಲ್ಲಿಟ್ಟೇ ತೆಗೆದ ಫೋಟೊ ಬಿಟ್ಟರೆ ಬೇರೆ ಇಲ್ಲ ಎಂದಾದರೆ ಗೀರಿನ ಎರಡೂ ತುದಿ ಹಿಂಬಾಲಿಸಿ. ನಾಣ್ಯದ ಅಂಚು ದಾಟಿ ಹಿನ್ನೆಲೆಗೂ ಮುಂದುವರಿದರೆ ಅದು ಪ್ಲಾಸ್ಟಿಕ್ಕಿನ ಗೀರು. ಅಕ್ಷರದ ಬುಡಕ್ಕೆ ಬಂದು ನಿಂತು, ಅಕ್ಷರದ ಆಚೆ ಮತ್ತೆ ಶುರುವಾದರೆ ನಾಣ್ಯದ್ದೇ.

ಇನ್ನು ಸವೆತ. ಬೆಳ್ಳಿ ರೂಪಾಯಿಯಲ್ಲಿ ನಾನು ಮೊದಲು ನೋಡುವುದು ಎತ್ತರದ ಜಾಗದ ಬಣ್ಣ, ಗೆರೆಗಳು ಆಮೇಲೆ. ವಿಕ್ಟೋರಿಯಾ ನಾಣ್ಯದಲ್ಲಿ ಕಿವಿಯ ಮೇಲಿನ ಕೂದಲು, ಕಿರೀಟದ ಮಣಿಗಳು, ಎದೆಯ ಮೇಲಿನ ಬಟ್ಟೆಯ ಕಸೂತಿ ಮೊದಲು ತಿಕ್ಕಿಹೋಗುತ್ತವೆ. ಐದನೇ ಜಾರ್ಜ್ ನಾಣ್ಯದಲ್ಲಿ ಕಿರೀಟದ ನಡುಭಾಗ, ಕಿವಿ, ಮೀಸೆ, ನಿಲುವಂಗಿಯ ಮೇಲಿನ ಆನೆ. ಏಳನೇ ಎಡ್ವರ್ಡ್‌ಗೆ ಕಿರೀಟವೇ ಇಲ್ಲ, ಕಿವಿಯ ಮೇಲಿನ ಕೂದಲೇ ಗುರುತು. ಕೈಯಿಂದ ಕೈಗೆ ಓಡಾಡಿ ಸವೆದ ಜಾಗ ಸುತ್ತಲಿನ ಬಯಲಿಗಿಂತ (ಚಿತ್ರ, ಅಕ್ಷರ ಇಲ್ಲದ ಚಪ್ಪಟೆ ಜಾಗ) ಬೇರೆ ಬಣ್ಣಕ್ಕೆ ತಿರುಗಿ ಮಂಕು ಬೂದಿಯಾಗುತ್ತದೆ. ಅಚ್ಚು ಸರಿಯಾಗಿ ಕೂರದೆ ಗೆರೆ ಮೂಡದಿದ್ದ ಜಾಗದಲ್ಲಿ ಗೆರೆ ಇರುವುದಿಲ್ಲ, ಹೊಳಪು ಮಾತ್ರ ಹಾಗೇ ಇರುತ್ತದೆ. ಇದು ಗೊತ್ತಿಲ್ಲದವರು ಒಳ್ಳೆಯ ನಾಣ್ಯವನ್ನು ಸವೆದದ್ದೆಂದು ಬಿಡುತ್ತಾರೆ, ಸವೆದದ್ದಕ್ಕೆ ಎಕ್ಸ್‌ಎಫ್ (ಬಹಳ ಕಡಿಮೆ ಸವೆದ ದರ್ಜೆ) ಬೆಲೆ ಕೊಡುತ್ತಾರೆ. ಫೋಟೊದಿಂದ ನಿರ್ಧರಿಸುವಾಗ ನನಗೆ ತೋರಿದ ದರ್ಜೆಯಿಂದ ಒಂದು ಮೆಟ್ಟಿಲು ಇಳಿಸಿಯೇ ಬೆಲೆ ಹೇಳುತ್ತೇನೆ. ಎಕ್ಸ್‌ಎಫ್ ಅನ್ನಿಸಿದರೆ ಅದರ ಕೆಳಗಿನ ವಿಎಫ್ ದರ್ಜೆಯ ದುಡ್ಡು.

1911ರ ಜಾರ್ಜ್ ರೂಪಾಯಿಯ ಬಗ್ಗೆ ಒಂದು ಮಾತು. ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, 1912ರ ಅಚ್ಚಿನಲ್ಲಿ ಆನೆಯನ್ನು ತಿದ್ದಿದರು. ಆ ಆನೆಯೇ ಸವೆಯುವ ಜಾಗದಲ್ಲಿದೆ. ಆದ್ದರಿಂದ ಸವೆದ 1912, 1913ರ ನಾಣ್ಯಗಳ ಮಸುಕು ಫೋಟೊ ಹಾಕಿ "ಹಂದಿ ರೂಪಾಯಿ" ಎಂದು ಬರೆಯುವವರಿದ್ದಾರೆ. ಪ್ರಾಣಿಯನ್ನು ನೋಡುತ್ತ ಕೂರಬೇಡಿ, ಹಿಂದಿನ ಮುಖದ ಇಸವಿ ನೋಡಿ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮನೆಗಳಿಂದ ಹೊರಬರುವ ನಾಣ್ಯಗಳಿಗೆ ಎರಡು ಕಾಯಿಲೆ ಸಾಮಾನ್ಯ. ಒಂದು, ಲಕ್ಷ್ಮಿ ಪೂಜೆಗೆ ಇಟ್ಟ ಬೆಳ್ಳಿ ರೂಪಾಯಿಯನ್ನು ಪ್ರತಿ ವರ್ಷ ವಿಭೂತಿಯಲ್ಲೋ ಹಲ್ಲುಪುಡಿಯಲ್ಲೋ ಉಜ್ಜುವುದು. ಬಯಲು ಜಾಗವೆಲ್ಲ ಬೆಳ್ಳಗೆ, ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಅಥವಾ ಕುಂಕುಮದ ಕೆಂಪು ಉಳಿದಿದ್ದರೆ ಅದು ಉಜ್ಜಿದ ನಾಣ್ಯ. ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ, ಇಲ್ಲವೇ ಬೆರಳು ತಿರುಗಿಸಿದ ಸುತ್ತಿನಲ್ಲಿ ಇರುತ್ತವೆ. ತಾಮ್ರದ ಕಾಲಾಣೆಗೆ ಹುಣಸೆಹಣ್ಣು ಹಾಕಿದ್ದರೆ ಇನ್ನೂ ಸುಲಭ: ಹೊಸ ಬಿಂದಿಗೆಯ ಹಾಗೆ ಗುಲಾಬಿ ಕೆಂಪು ಬಂದಿರುತ್ತದೆ. ನೂರು ವರ್ಷದ ತಾಮ್ರಕ್ಕೆ ಆ ಬಣ್ಣ ತಾನಾಗಿ ಬರುವುದಿಲ್ಲ. ಹುಳಿ ಮೇಲಿನ ಪದರವನ್ನೇ ತಿಂದಿರುವುದರಿಂದ ಅದಕ್ಕೆ ಮದ್ದೂ ಇಲ್ಲ.

ಎರಡನೆಯದು ಕಾಸಿನ ಸರ. ಸರಕ್ಕೆ ಪೋಣಿಸಲು ರೂಪಾಯಿಯ ನೆತ್ತಿಗೆ ಕೊಂಡಿ ಬೆಸೆದಿರುತ್ತಾರೆ. ಮಾರುವ ಮುನ್ನ ಕೊಂಡಿ ಕಿತ್ತು ಅರ ಹಾಕಿ ನಯ ಮಾಡುತ್ತಾರೆ. ಎರಡು ಮುಖದ ಫೋಟೊದಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಂಚಿನ ಫೋಟೊ ಕೇಳುವುದು ಇದಕ್ಕೇ: ಸುತ್ತಲೂ ಇರುವ ಅಡ್ಡ ಗೆರೆಗಳು ಕಿರೀಟದ ನೇರಕ್ಕೆ ಮೂರ್ನಾಲ್ಕು ಮಿ.ಮೀ. ಅಳಿಸಿದ್ದರೆ, ಅಥವಾ ಅಲ್ಲಿ ಬೆಳ್ಳಿಯ ಬಣ್ಣ ತುಸು ಹಳದಿಗೆ ಹೊರಳಿದ್ದರೆ ಬೆಸುಗೆಯ ಜಾಗ ಅದು. ಅಂಚನ್ನು ಒಂದೇ ಫೋಟೊದಲ್ಲಿ ಕೊಟ್ಟರೆ ಒಪ್ಪಬೇಡಿ, ಸುತ್ತ ತಿರುಗಿಸಿ ನಾಲ್ಕು ಬೇಕು. ಎರಕದ ನಕಲಿಯೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ಅಂಚಿನ ನಡುವೆ ಸುತ್ತುವರಿದ ಜೋಡಣೆಯ ಗೆರೆ, ಬಯಲಿನಲ್ಲಿ ಸೂಜಿಮೊನೆಯಂಥ ಗುಳ್ಳೆ, ಬುಡದಲ್ಲಿ ಕರಗಿದಂತಿರುವ ಅಕ್ಷರ.

ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ ಇರಬೇಕು. ಓಡಾಡಿ ಸವೆದದ್ದು 11.4ರ ಸುತ್ತ ಬಂದರೆ ನನಗೆ ತಕರಾರಿಲ್ಲ. ಮುಖದ ಗೆರೆಗಳೆಲ್ಲ ಚೂಪಾಗಿದ್ದು ತೂಕ 11ಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ವಿಕ್ಟೋರಿಯಾ ರೂಪಾಯಿಯಲ್ಲಿ 1876ರವರೆಗೆ "ಕ್ವೀನ್", 1877ರಿಂದ "ಎಂಪ್ರೆಸ್" ಎಂದಿರುತ್ತದೆ. ಇಸವಿಗೂ ಬಿರುದಿಗೂ ತಾಳೆಯಾಗದ ನಕಲಿಗಳು ಈಗಲೂ ಓಡುತ್ತಿವೆ. ರಾಮ, ಸೀತೆ, ಹನುಮಂತರ ಚಿತ್ರದ ಜೊತೆ 1818 ಎಂದು ಬರೆದ "ಈಸ್ಟ್ ಇಂಡಿಯಾ ಕಂಪನಿ ಆಣೆ"ಗಳನ್ನು ಕಂಪನಿ ಹೊರಡಿಸಲೇ ಇಲ್ಲ. ಅದರ ಫೋಟೊ ಎಷ್ಟು ಚೆನ್ನಾಗಿದ್ದರೂ ಅಳೆಯಲು ಅಲ್ಲಿ ಏನೂ ಇಲ್ಲ.

ಟಿಪ್ಪುವಿನ ತಾಮ್ರದ ಪೈಸೆಗೆ ಈ ಲೆಕ್ಕ ಪೂರ್ತಿ ಒಗ್ಗುವುದಿಲ್ಲ. ಅದು ಕೈಯಿಂದ ಬಡಿದ ನಾಣ್ಯ. ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿದ್ದರಿಂದ ಆನೆಯ ಬಾಲವೋ ಸೊಂಡಿಲೋ ಹೊರಗೆ ಉಳಿದಿದ್ದರೆ ಅದು ಸವೆತವಲ್ಲ. ಆನೆ ಎಷ್ಟು ಬಂದಿದೆ, ಹಿಂದಿನ ಪರ್ಷಿಯನ್ ಬರಹ ಎಷ್ಟು ಬಂದಿದೆ, ಲೋಹ ಎಷ್ಟು ಗಟ್ಟಿ ಉಳಿದಿದೆ ಎಂದು ಮೂರನ್ನೂ ಬೇರೆ ಬೇರೆ ನೋಡಬೇಕು. ಚಿತ್ರದುರ್ಗದ ಟಂಕಸಾಲೆಯ ಹೆಸರು ಆಗ ಫರ್ರುಖ್‌ಯಾಬ್ ಹಿಸಾರ್. "ಇದು ದುರ್ಗದ್ದೇ" ಎಂದು ಹೆಚ್ಚಿಗೆ ಬೆಲೆ ಕೇಳಿದರೆ ಆ ಹೆಸರು ಫೋಟೊದಲ್ಲಿ ಓದಲು ಬರುವಷ್ಟು ಇರಲೇಬೇಕು. ಇಲ್ಲದಿದ್ದರೆ ನನ್ನ ಲೆಕ್ಕದಲ್ಲಿ ಅದು ಊರಿಲ್ಲದ ಪೈಸೆ, ಬೆಲೆಯೂ ಅಷ್ಟಕ್ಕೇ. ಟಿಪ್ಪು ಜಾರಿಗೆ ತಂದ ಮೌಲೂದಿ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದುದೂ ನೆನಪಿರಲಿ, ಇಸವಿ ತಪ್ಪಿ ಓದಿದ ಜಾಹೀರಾತು ಬಹಳ. ಬಯಲೆಲ್ಲ ತುಕ್ಕು ತಿಂದು ತರಿತರಿಯಾಗಿದ್ದು, ಆನೆಯ ಅಂಚು ಮಾತ್ರ ಚಾಕುವಿನಷ್ಟು ಚೂಪಾಗಿದ್ದರೆ ಯಾರೋ ಉಳಿ ಹಿಡಿದು ಹೊಸದಾಗಿ ಕೊರೆದಿದ್ದಾರೆ. ಕಡು ಹಸಿರಿನ, ನಯವಾದ, ಗಟ್ಟಿ ಕಿಲುಬು ತೊಂದರೆಯಲ್ಲ. ತಿಳಿ ಹಸಿರಿನ ಪುಡಿ ಉದುರುವಂತಿದ್ದರೆ ನಾಣ್ಯ ಒಳಗಿಂದ ಹಾಳಾಗುತ್ತಲೇ ಇದೆ, ಉಳಿದ ತಾಮ್ರದ ನಾಣ್ಯಗಳ ಜೊತೆ ಅದನ್ನು ಇಡಲಾಗದು.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಹೊಲದಲ್ಲಿ ಸಿಕ್ಕಿದ್ದು ಎಂದು ಸೀಸದ ಬಿಲ್ಲೆಗಳ ಫೋಟೊ ಬಂದರೆ ನಾನು ದರ್ಜೆ ನೋಡುವುದೇ ಇಲ್ಲ. ಅಲ್ಲಿನ ಉತ್ಖನನದಲ್ಲಿ ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿದ್ದು ನಿಜ. ಆದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಾಗೆ ತಿಳಿಸದೆ ಮಾರುವುದನ್ನು ಕೊಳ್ಳಬಾರದು.

ದುಡ್ಡು ಕಳಿಸುವ ಮೊದಲು ಫೋಟೊದಲ್ಲಿ ಆ ನಾಣ್ಯಕ್ಕೇ ವಿಶೇಷವಾದ ಎರಡು ಗುರುತು ಆರಿಸಿ ಬರೆದಿಡುತ್ತೇನೆ: ಅಂಚಿನ ಒಂದು ಚಚ್ಚು, ಕೆನ್ನೆಯ ಮೇಲೊಂದು ಕಪ್ಪು ಚುಕ್ಕಿ, ಹೀಗೆ. ಪಾರ್ಸೆಲ್ ಒಡೆಯುವಾಗ ವಿಡಿಯೊ ಮಾಡುತ್ತ ಮೊದಲು ಅವೆರಡನ್ನು ಹುಡುಕುತ್ತೇನೆ. ಆಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ಮತ್ತೊಮ್ಮೆ ತೂಗುತ್ತೇನೆ. 91.7 ಭಾಗ ಬೆಳ್ಳಿಯ ರೂಪಾಯಿ ನೀರಲ್ಲಿ ಸುಮಾರು 1.13 ಗ್ರಾಂ ಕಳೆದುಕೊಳ್ಳುತ್ತದೆ, ಅದೇ ತೂಕದ ತಾಮ್ರ-ನಿಕಲ್ 1.3 ಗ್ರಾಂ. ಗುರುತು ತಾಳೆಯಾಗದಿದ್ದರೆ ನಾಣ್ಯವನ್ನು ಒರೆಸುವುದೂ ಇಲ್ಲ, ಬಂದ ಕವರಿನಲ್ಲೇ ಹಾಕಿ ವಾಪಸ್ ಕಳಿಸುತ್ತೇನೆ.