ಹೈಫಾದಲ್ಲಿ ಯುದ್ಧದ ದಿನಗಳು: ಎರಡೂ ಕಡೆಯ ನೆರೆಯವರ ಜೊತೆ ಇರುವುದು ಹೇಗೆ

ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿನ ಹೈಫಾ ಊರಿಗೆ ಹೊಸದಾಗಿ ಬರುವವರಿಗೆ ಇದು. ನಾನು ನೋಡಿಕೊಳ್ಳುವ ಅಜ್ಜಿ ಯಹೂದಿ. ಎದುರು ಮನೆಯ ಅಕ್ಕ ಅರಬ್.

ಗಲಾಟೆ ಶುರುವಾದ ದಿನವೇ ಹೋಗಿ ಬಾಗಿಲು ತಟ್ಟಿ. "ಹೇಗಿದ್ದೀರಿ, ಏನಾದ್ರೂ ಬೇಕಾ?" ಅಂದರೆ ಸಾಕು. 2021ರ ಮೇ ತಿಂಗಳಲ್ಲಿ ಲೋದ್, ಅಕ್ಕೋ ಊರುಗಳಲ್ಲಿ ಅರಬ್ಬರು, ಯಹೂದಿಗಳ ನಡುವೆ ಹೊಡೆದಾಟ ನಡೆಯಿತು. ಆಗ ನಾನು ಸುಮ್ನೆ ಇದ್ದೆ. ಎದುರು ಮನೆ ಜೊತೆ ಮತ್ತೆ ಮಾತು ಶುರುವಾಗಲು ತಿಂಗಳುಗಳೇ ಬೇಕಾದವು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ ಗಾಜಾ ಯುದ್ಧ ಶುರುವಾದ ಮೇಲೆ ಆ ತಪ್ಪು ಮಾಡಲಿಲ್ಲ.

ಅಜ್ಜಿಯ ಮೊಮ್ಮಗ ಸೈನ್ಯದಲ್ಲಿದ್ದ. ಅಕ್ಕನ ನೆಂಟರು ಗಾಜಾದಲ್ಲಿದ್ದರು. ಇಬ್ಬರೂ ರಾತ್ರಿಯಿಡೀ ಫೋನ್ ಹಿಡಿದು ಕೂರುತ್ತಿದ್ದರು, ಒಂದೇ ಗೋಡೆಯ ಆಚೆ ಈಚೆ. ಇಂಥವರಿಗೆ "ತಪ್ಪು ಯಾರದ್ದು" ಅಂತ ಕೇಳಲೇಬೇಡಿ. ಹುಡುಗನ ಹೆಸರು ಹೇಳಿ ಕೇಳಿ, ನೆಂಟರಿಂದ ಫೋನ್ ಬಂತಾ ಅಂತ ಕೇಳಿ.

ಸೈರನ್ ಆದಾಗ ಎಲ್ಲರೂ ಕೆಳಗಿನ ಮಿಕ್ಲಾತ್‌ಗೆ, ಅಂದರೆ ಆಶ್ರಯ ಕೋಣೆಗೆ, ಇಳಿಯುತ್ತೇವೆ. ಅಲ್ಲಿ ಫೋನಿನ ಸೌಂಡ್ ಆಫ್ ಮಾಡಿ. ಹೀಬ್ರೂ ಸುದ್ದಿ, ಅರೇಬಿಕ್ ಸುದ್ದಿ ತೋರಿಸುವುದು ಬೇರೆ ಬೇರೆ. ಜಗಳ ಅಲ್ಲಿಂದಲೇ ಶುರು. ಅಕ್ಕ ಅರೇಬಿಕ್‌ನಲ್ಲಿ ಮಾತಾಡಲು ಹೆದರಿ ಪಿಸುಗುಡುವುದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ನೀವೇ ಜೋರಾಗಿ "ಮರ್ಹಬಾ" (ಅರೇಬಿಕ್‌ನಲ್ಲಿ ನಮಸ್ಕಾರ) ಅನ್ನಿ.

ಒಂದು ದಿನ ಅಜ್ಜಿಯ ಕೈ ನಡುಗುತ್ತಿತ್ತು. ಅಕ್ಕನೇ ಬಂದು ಹಿಡಿದುಕೊಂಡರು. ಸೈರನ್ ನಿಂತ ಮೇಲೂ ಬಿಡಲಿಲ್ಲ.