ಟ್ರಂಕಿನಲ್ಲಿದ್ದ ದಂಡದ ರಸೀದಿ

ನಮ್ಮ ತಾಂಡಾ ಇರುವುದು ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡಕ್ಕೆ. ಗುಡ್ಡದ ಅಂಚಿನಲ್ಲಿ ಜೋಳ, ಹುರುಳಿ ಬೆಳೆದುಕೊಂಡು ಬಂದವರು ನಾವು. ಸರ್ಕಾರದ ಲೆಕ್ಕದಲ್ಲಿ ಆ ಹೊಲವೆಲ್ಲ ಅರಣ್ಯ. ಕಾಡನ್ನು ನಂಬಿ ಬದುಕಿದವರಿಗೆ ಅವರು ಉಳುವ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಅರ್ಜಿ ಹಾಕಿದೆವು. ಒಂದೇ ಸಾಲಿನ ಉತ್ತರ ಬಂತು: ‘75 ವರ್ಷದ ದಾಖಲೆ ಇಲ್ಲ.’

ನಮ್ಮ ರಾಜ್ಯದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ, ಪಂಗಡವಲ್ಲ. ಹಾಗಾಗಿ ಕಾಯ್ದೆಯ ಭಾಷೆಯಲ್ಲಿ ನಾವು ‘ಇತರ ಪಾರಂಪರಿಕ ಅರಣ್ಯವಾಸಿಗಳು’. 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, 1930ರಿಂದಲೂ ಇಲ್ಲಿದ್ದೆವೆಂದು ತೋರಿಸಬೇಕು. ಹೆಬ್ಬೆಟ್ಟು ಒತ್ತುತ್ತಿದ್ದವರ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು?

2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ ಹೇಳಿತು. 28ರಂದು ತಾನೇ ಆ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ತಾಂಡಾದಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದೇ ಮೇ ತಿಂಗಳಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವೂ ಆಯಿತು. ಇನ್ನು ಮುಗಿಯಿತು ಎಂದರು ಹಿರಿಯರು. ವನ್ಯಜೀವಿ ಧಾಮದೊಳಗೂ ಈ ಕಾಯ್ದೆ ನಡೆಯುತ್ತದೆ ಎಂದು ಅವರನ್ನು ನಂಬಿಸಲು ನನಗೆ ವಾರವೇ ಬೇಕಾಯಿತು. ಅರ್ಜಿಗಳ ಮರುಪರಿಶೀಲನೆಯ ಹೊತ್ತಿಗೆ ನಾನು ನಮ್ಮ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಅರ್ಹತೆ, ಹತ್ತನೆಯ ತರಗತಿ ಪಾಸು.

ಮೊದಲ ಸಲ ಮಾಡಿದ ತಪ್ಪು ನಿಯಮ ಓದದೆ ಹೋದದ್ದು. ಕಾಯ್ದೆಯ ನಿಯಮಾವಳಿಯ 13ನೆಯ ನಿಯಮದಲ್ಲಿ ಸಾಕ್ಷ್ಯಗಳ ಉದ್ದನೆಯ ಪಟ್ಟಿಯೇ ಇದೆ: ಗ್ಯಾಝೆಟಿಯರ್, ನಕ್ಷೆ, ಹಳೆಯ ಬಾವಿ, ಸ್ಮಶಾನ, ದೇವರ ಜಾಗ, ಹೊಲದ ಒಡ್ಡು, ಹಿರಿಯರು ಬರೆಸಿದ ಹೇಳಿಕೆ. ಎರಡು ಬಗೆ ಇದ್ದರೆ ಸಾಕು. ಇಂಥದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಇನ್ನೊಂದು ಗೊಂದಲವೂ ಇತ್ತು. 75 ವರ್ಷದ ಲೆಕ್ಕ ಇಲ್ಲಿ ವಾಸವಿದ್ದು ಕಾಡನ್ನು ನಂಬಿ ಬದುಕಿದ್ದಕ್ಕೆ. ಆ ಹೊಲ 2005ರಲ್ಲಿ ಸ್ವಾಧೀನದಲ್ಲಿದ್ದರೆ ಆಯಿತು.

ದನ ಮೇಯಿಸಿದ್ದಕ್ಕೆ, ಉಳುಮೆ ಮಾಡಿದ್ದಕ್ಕೆ ಅರಣ್ಯ ಇಲಾಖೆ ಹಾಕಿದ್ದ ದಂಡದ ರಸೀದಿಗಳನ್ನು ನಮ್ಮವರು ಟ್ರಂಕಿನ ತಳದಲ್ಲಿ, ಸೀರೆಯಡಿ ಬಚ್ಚಿಟ್ಟಿದ್ದರು. ಅಪರಾಧದ ಗುರುತು ಎಂಬ ಭಯ. ಒಬ್ಬೊಬ್ಬರ ಮನೆಗೂ ಹೋಗಿ ಹೊರತೆಗೆಸಿದೆ. ಬೈದು ದಂಡ ಹಾಕಿದವರೇ ನಾವು ಅಲ್ಲಿದ್ದೆವೆಂದು ತಾರೀಕು ಸಹಿತ ಬರೆದುಕೊಟ್ಟಿದ್ದರು!

ಆದರೆ ರಸೀದಿಗಳು 1930ರ ತನಕ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ನಾವೆಲ್ಲ ಯಾಡಿ ಎಂದು ಕರೆಯುವ ಮುದುಕಿಯ ಹೇಳಿಕೆ. 2009ರಲ್ಲಿ ಯಾರೋ ಅವರ ಹೆಸರಿನಲ್ಲಿ ‘ತಲೆತಲಾಂತರದಿಂದ ವಾಸವಾಗಿದ್ದೇವೆ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿದ್ದರು. ಅದರಿಂದ ಏನೂ ಸಾಬೀತಾಗುವುದಿಲ್ಲ. ಈ ಸಲ ಕಟ್ಟೆಯ ಮೇಲೆ ಕೂತು ಕೇಳಿದೆ: ಯಾಡಿ, ನೀನು ಮದುವೆಯಾಗಿ ಬಂದದ್ದು ಯಾವಾಗ? ‘ಹೊಸರಿತ್ತಿಯಲ್ಲಿ ಮಹಾದೇವಪ್ಪನಿಗೆ ಗುಂಡು ಹೊಡೆದ ಬೇಸಿಗೆ.’ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಹುತಾತ್ಮರಾದದ್ದು 1943ರ ಏಪ್ರಿಲ್ 1. ಇನ್ನೂ ಹದಿಮೂರು ವರ್ಷ ಬಾಕಿ. ನಿನ್ನ ಅತ್ತೆ? ‘ಅವಳು ಹುಟ್ಟಿದ್ದೇ ಇಲ್ಲಿ. ಸೇವಾಲಾಲ್ ಗುಡಿಯ ಹಿಂದಿನ ಬಾವಿ ತೋಡಿದ್ದು ಅವಳ ಅಪ್ಪ.’ ಆ ಮಾತನ್ನು ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಅವರ ಹೇಳಿಕೆ ಬೇರೆಯವರ ಅರ್ಜಿಗೇ ಹೊರತು ಅವರ ಸ್ವಂತದ್ದಕ್ಕಲ್ಲ. ಅರ್ಜಿದಾರರೇ ಹಿರಿಯ ಸಾಕ್ಷಿಯಾಗುವಂತಿಲ್ಲ. ಅವರ ಅರ್ಜಿಗೆ ಪಕ್ಕದ ಹಳ್ಳಿಯ ಮುದುಕರೊಬ್ಬರು ಹೇಳಿಕೆ ಕೊಟ್ಟರು.

ಬಾವಿ, ಒಡ್ಡುಗಳ ಫೋಟೊ ತೆಗೆದು, ಹೊಲ ಸುತ್ತಿ ಮಹಜರು ಮಾಡಿದೆವು. ಬರುವುದಾಗಿ ಹೇಳಿದ್ದ ಇಲಾಖೆಯ ಸಿಬ್ಬಂದಿ ಎರಡು ಸಲ ಬರಲಿಲ್ಲ. ಮೂರನೆಯ ಸಲ ಅವರಿಗೆ ಕೊಟ್ಟ ನೋಟಿಸಿನ ಪ್ರತಿ ಲಗತ್ತಿಸಿ ಗ್ರಾಮಸಭೆಯಲ್ಲಿ ಠರಾವು ಪಾಸು ಮಾಡಿದೆವು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂದಾಗ ಮಾತ್ರ ಸಭೆಯಲ್ಲಿ ಗದ್ದಲ. ಹೆಂಗಸರ ಸಾಲಿನಿಂದ ಯಾಡಿಯ ಧ್ವನಿ ಬಂತು, ‘ಕಳೆ ಕೀಳುವಾಗ ನಮ್ಮ ಹೆಸರು ನೆನಪಿರುತ್ತಲ್ಲ.’ ಗದ್ದಲ ಅಲ್ಲಿಗೆ ನಿಂತಿತು.

ಉಪವಿಭಾಗ ಸಮಿತಿ ದಾಟಿ ಕಡತ ಈಗ ಜಿಲ್ಲಾ ಸಮಿತಿಯ ಮುಂದಿದೆ. ಸ್ವೀಕೃತಿ ಪತ್ರವನ್ನೂ ಅದೇ ಟ್ರಂಕಿನಲ್ಲಿ ಇಟ್ಟಿದ್ದೇವೆ, ಈ ಸಲ ಸೀರೆಯ ಮೇಲೆ.