ಮೀಟರ್ ಆಮೇಲೆ, ಮೊದಲು ಗಾಡಿ ನಿಲ್ಲುವ ಜಾಗ

ಸೆಕೆಂಡ್ ಹ್ಯಾಂಡ್ ಬೈಕ್ ಅಂದ ಕೂಡಲೇ ಎಲ್ಲರೂ ಮೀಟರ್ ಕೇಳುತ್ತಾರೆ. ಎಷ್ಟು ಕಿಲೋಮೀಟರ್ ಓಡಿದೆ, ಯಾವ ಮಾಡೆಲ್, ಎಷ್ಟನೇ ಓನರ್. ಮಲೆನಾಡಿನಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಮಳೆಗಾಲದಲ್ಲಿ ಗಾಡಿ ಎಲ್ಲಿ ನಿಲ್ಲುತ್ತಿತ್ತು? ಅದರ ಮೇಲೆ ಏನು ಹೇರುತ್ತಿದ್ದರು? ನನ್ನ ಮೊದಲ ಬೈಕನ್ನು ಆರಿಸಿದ್ದು ಹೆಚ್ಚುಕಮ್ಮಿ ಈ ಎರಡು ಪ್ರಶ್ನೆಗಳ ಮೇಲೆಯೇ.

ಮನೆ ಕೋಣಂದೂರಿನ ಹತ್ತಿರ, ಕೆಲಸ ತೀರ್ಥಹಳ್ಳಿಯಲ್ಲಿ. ಕೈಯಲ್ಲಿ ಇದ್ದದ್ದು 40 ಸಾವಿರ. ಕಲಿಯುವ ಗಾಡಿಗೆ ಸಾಲ ಮಾಡುವುದು ನನಗೆ ಸರಿ ಕಾಣಲಿಲ್ಲ. ಹಾಗಾಗಿ ಹಳೇ ಬೈಕ್.

ಗೆಳೆಯರದ್ದೆಲ್ಲ ಒಂದೇ ಮಾತು: "ಆರ್‌ಎಕ್ಸ್ 100 ತಗೋ ಮಾರಾಯ, ಅದರ ಸೌಂಡೇ ಬೇರೆ." ಸೌಂಡ್ ನಿಜಕ್ಕೂ ಬೇರೆ, ನನಗೂ ಇಷ್ಟ. ಆದರೆ ಆ ಗಾಡಿ ತಯಾರಾಗುವುದು ನಿಂತದ್ದು 1996ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿ ಯೆಜ್ಡಿ ನಿಂತದ್ದೂ ಅದೇ ವರ್ಷ. ಇವತ್ತು ಸಿಗುವ ಆರ್‌ಎಕ್ಸ್ ಆಗಲಿ, ಹಳೇ ಯೆಜ್ಡಿ ಆಗಲಿ, ಮೂವತ್ತು ವರ್ಷದ ಆಸುಪಾಸಿನದ್ದು, ಇಲ್ಲಾ ಅದಕ್ಕೂ ಹಳೆಯದು. ಗಾಡಿ ಕೆಲಸ ಗೊತ್ತಿದ್ದವರು ಪ್ರೀತಿಯಿಂದ ಇಟ್ಟುಕೊಳ್ಳಲಿ. ದಿನಾ ಬೆಳಗ್ಗೆ ಡ್ಯೂಟಿಗೆ ಹೋಗಬೇಕಾದವರಿಗೆ ಅದು ಮೊದಲ ಗಾಡಿ ಅಲ್ಲ.

ನನಗೆ ಬೇಕಾದದ್ದು ಸಾದಾ ಗಾಡಿ. 100ರಿಂದ 125 ಸಿಸಿ. ಕ್ಲಚ್ ಕೇಬಲ್ ತುಂಡಾದರೆ ರಿಪ್ಪನ್‌ಪೇಟೆಯಲ್ಲೂ ಸಿಗಬೇಕು. ಬಿಚ್ಚಿ ಜೋಡಿಸಲು ಬರುವ ಮೆಕ್ಯಾನಿಕ್ ಊರಲ್ಲೇ ಇರಬೇಕು. ಸ್ಪ್ಲೆಂಡರ್, ಪ್ಲಾಟಿನಾ, ಶೈನ್, ಈ ಮೂರಕ್ಕೂ ಆ ತೊಂದರೆ ಇಲ್ಲ. ಅದರಲ್ಲಿ ನಾನು ಶೈನ್ ಹುಡುಕಿದ್ದು ಮುಂದೆ ಡಿಸ್ಕ್ ಬ್ರೇಕ್ ಇರುವುದು ಸಿಗುತ್ತದೆ ಅಂತ. ಡ್ರಮ್ ಬ್ರೇಕಿನೊಳಗೆ ನೀರು ಹೋದರೆ ಮೊದಲ ಸಲ ಹಿಡಿದಾಗ ಹಿಡಿತವೇ ಇರುವುದಿಲ್ಲ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿ ಒಣಗಿಸಬೇಕು. ಹೊಸಬರಿಗೆ ಇದೆಲ್ಲ ಆ ಕ್ಷಣಕ್ಕೆ ಹೊಳೆಯುವುದು ಕಷ್ಟ.

ವರ್ಷದ್ದು ಬೇರೆ ಲೆಕ್ಕ. ಹೊಸ ಬೈಕಿನ ಆರ್‌ಸಿ 15 ವರ್ಷಕ್ಕೆ. ಅದು ಮುಗಿದರೆ ಆರ್‌ಟಿಓಗೆ ಗಾಡಿ ಒಯ್ದು ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಮತ್ತೆ 5 ವರ್ಷಕ್ಕೆ ಮುಂದುವರಿಸಬೇಕು. ಮುಗಿಯುತ್ತಾ ಬಂದ ಗಾಡಿ ಅಗ್ಗಕ್ಕೆ ಸಿಗುವುದು ಇದಕ್ಕೇ. 2014ಕ್ಕಿಂತ ಹಳೆಯದು ಬೇಡ ಅಂತ ಗೆರೆ ಎಳೆದುಕೊಂಡೆ. ಆಗ 2029ರವರೆಗೆ ನಿಶ್ಚಿಂತೆ.

ಶಿವಮೊಗ್ಗದಲ್ಲಿ ಅಂಗಡಿಗಳಿಗೂ ಹೋಗಿ ನೋಡಿದೆ. ಅಲ್ಲಿ ಗಾಡಿ ತೊಳೆದು, ಪಾಲಿಶ್ ಹೊಡೆದು ನಿಲ್ಲಿಸಿರುತ್ತಾರೆ. ತಪ್ಪೇನಿಲ್ಲ, ಆದರೆ ಅದರ ಹಿಂದಿನ ಬಾಳು ಅಲ್ಲಿ ಕಾಣುವುದಿಲ್ಲ. ಮನೆಗೇ ಹೋಗಿ ನೋಡಿದರೆ ಕಾಣುತ್ತದೆ. ಜಗಲಿ ಪಕ್ಕ ಶೀಟಿನ ಕೆಳಗೆ ನಿಂತ ಗಾಡಿಗೂ ಅಡಿಕೆ ಮರದ ಬುಡದಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತ ಗಾಡಿಗೂ ಬಹಳ ವ್ಯತ್ಯಾಸ. ಪ್ಲಾಸ್ಟಿಕ್ ಹೊದಿಸಿದರೆ ಮಳೆ ತಪ್ಪುತ್ತದೆ, ತೇವ ಒಳಗೇ ಕೂರುತ್ತದೆ. ಕೊಟ್ಟಿಗೆಯಲ್ಲಿ ನಿಂತದ್ದಾದರೆ ಇನ್ನೂ ಕಷ್ಟ, ದನದ ಗಂಜಳಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಹೊಸನಗರದ ಕಡೆ ಒಂದು ಬೈಕ್ ನೋಡಿದೆ. ಮೀಟರಿನಲ್ಲಿ ಕಮ್ಮಿ ಓಡಿತ್ತು, ಟ್ಯಾಂಕ್ ಥಳಥಳ ಅನ್ನುತ್ತಿತ್ತು. ಹಿಂದಿನ ಕ್ಯಾರಿಯರ್ ಕೆಳಗೆ ಬಗ್ಗಿ ನೋಡಿದರೆ ನೀಲಿ ಕಲೆ. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದಕ್ಕೆ ಬೇಕಾದ ಮೈಲುತುತ್ತದ ನೀರನ್ನು ಕ್ಯಾನಿನಲ್ಲಿ ತುಂಬಿ ಈ ಗಾಡಿ ಮೇಲೆಯೇ ತೋಟಕ್ಕೆ ಸಾಗಿಸಿದ್ದರು. ಆ ನೀರು ಕಬ್ಬಿಣವನ್ನು ತಿನ್ನುತ್ತದೆ. ಮಡ್‌ಗಾರ್ಡ್ ಒಳಗೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ, ಪುಡಿ ಉದುರಿತು. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಬುಡವೂ ಹಾಗೇ ಇತ್ತು. ಇಂಜಿನ್ ಕೇಳಲೂ ಹೋಗಲಿಲ್ಲ.

ಕೊನೆಗೆ ಒಪ್ಪಿದ್ದು ಕಟ್ಟೆಹಕ್ಕಲಿನ ಹತ್ತಿರದ ಒಬ್ಬ ಗೌಡ್ರ ಗಾಡಿ. 2014ರದ್ದು, ಸಿಂಗಲ್ ಓನರ್. ಹಿಂದಿನ ದಿನವೇ ಫೋನ್ ಮಾಡಿ, "ಗೌಡ್ರೆ, ನಾನು ಬರುವ ತನಕ ಸ್ಟಾರ್ಟ್ ಮಾಡ್ಬೇಡಿ" ಅಂದಿದ್ದೆ. ಹೋದ ಕೂಡಲೇ ಅವರೇ ಅಂದರು, "ಬಾ ಮಾರಾಯ, ಮುಟ್ಟಿ ನೋಡು. ತಣ್ಣಗೇ ಇದೆ."

ತಣ್ಣಗಿರುವ ಇಂಜಿನ್ ಏನನ್ನೂ ಮುಚ್ಚಿಡುವುದಿಲ್ಲ. ಬಿಸಿ ಮಾಡಿಟ್ಟ ಗಾಡಿ ಹೆಚ್ಚಾಗಿ ಒಂದೇ ಕಿಕ್ಕಿಗೆ ಏಳುತ್ತದೆ. ಇದು ಚೋಕ್ ಎಳೆದು ಕಿಕ್ ಹೊಡೆದ ಮೇಲೆ ಎದ್ದಿತು. ನಾನು ಹಿಂದೆ ಹೋಗಿ ಸೈಲೆನ್ಸರ್ ನೋಡುತ್ತಾ ಕೂತೆ. ಚಳಿಗೆ ಮೊದಲು ಬರುವ ಬಿಳಿ ಹೊಗೆ ಬರೀ ನೀರಾವಿ, ಅದಕ್ಕೆ ಹೆದರಬೇಕಿಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಸ್ಟಾರ್ಟ್ ಆದಾಗ ಸ್ವಲ್ಪ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ ಹೋಗಿರುತ್ತದೆ. ಆಕ್ಸಿಲರೇಟರ್ ಕೊಟ್ಟಾಗೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅದು ದೊಡ್ಡ ಖರ್ಚು. ಇಲ್ಲಿ ನೀಲಿ ಕಾಣಲಿಲ್ಲ. ಸೈಲೆನ್ಸರಿನ ಅಡಿಭಾಗವನ್ನೂ ತಟ್ಟಿ ನೋಡಿದೆ, ಗಟ್ಟಿ ಇತ್ತು.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಗೌಡ್ರು ಹಿಂದೆ ಒತ್ತಿ ಹಿಡಿದರು, ಮುಂದಿನ ಚಕ್ರ ಮೇಲೆದ್ದಿತು. ಹ್ಯಾಂಡಲ್ಲನ್ನು ಒಂದು ಬೆರಳಲ್ಲಿ ಈ ಕಡೆಯಿಂದ ಆ ಕಡೆಗೆ ಮೆಲ್ಲಗೆ ತಿರುಗಿಸಿದೆ. ಸರಾಗವಾಗಿ ತಿರುಗಬೇಕು. ನಡುವೆ ಗಕ್ಕನೆ ಕೂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ಬುಡದ ಬೇರಿಂಗ್, ಹೋಗಿದೆ ಅಂತ. ನಮ್ಮ ಗುಂಡಿ ರಸ್ತೆಗಳಲ್ಲಿ ಮೊದಲು ಹೋಗುವುದು ಅದೇ, ಅಲ್ವಾ. ಇದರದ್ದು ಸರಿ ಇತ್ತು. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿದೆ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್ ಆಟ ಕೊಡಲಿಲ್ಲ. ಹಿಂಡಿ ಮೂಟೆ, ಗೊಬ್ಬರದ ಚೀಲ ಹೇರಿದ ಗಾಡಿ ಇಲ್ಲೇ ಸಿಕ್ಕಿಬೀಳುತ್ತದೆ.

ಹಾಳಾದದ್ದೂ ಇತ್ತು. ಹಿಂದಿನ ಸ್ಪ್ರಾಕೆಟ್ ಹತ್ತಿರ ಚೈನ್ ಹಿಡಿದು ಹಿಂದಕ್ಕೆ ಎಳೆದರೆ ಹಲ್ಲಿನಿಂದ ಮೇಲೆ ಬರುತ್ತಿತ್ತು, ಹಲ್ಲುಗಳು ಚೂಪಾಗಿ ಒಂದು ಕಡೆ ವಾಲಿದ್ದವು. ಹಿಂದಿನ ಟೈರ್ ನುಣ್ಣಗಾಗಿತ್ತು. ಮೀಟರ್ ನಾನು ನೋಡಿದ್ದು ಈಗ. ಅಂಕಿಗಿಂತ ಫುಟ್‌ರೆಸ್ಟ್ ರಬ್ಬರ್, ಗೇರ್ ಲಿವರ್ ಸವೆದದ್ದನ್ನು ನಾನು ಜಾಸ್ತಿ ನಂಬುತ್ತೇನೆ.

ಓಡಿಸುವ ಪರೀಕ್ಷೆಗೆ ಊರಿನ ಮೆಕ್ಯಾನಿಕ್ ಅಣ್ಣನನ್ನೇ ಕರೆದೊಯ್ದಿದ್ದೆ. ಅವರು ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹತ್ತಿಸಿದರು. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಪ್ಲೇಟ್ ಮುಗಿದಿದೆ. ಸಮತಟ್ಟು ರಸ್ತೆಯಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಇಳಿದು ಬಂದು ಅವರು ಅಂದದ್ದು ಇಷ್ಟೇ: "ತಗೋಬಹುದು. ಚೈನ್ ಸೆಟ್, ಹಿಂದಿನ ಟೈರ್ ದುಡ್ಡು ಕಳೆದು ಕೇಳು."

ಹಾಗೇ ಕೇಳಿದೆ. ಗೌಡ್ರು 35 ಸಾವಿರ ಹೇಳಿದ್ದರು, 31ಕ್ಕೆ ಮುಗಿಯಿತು. ಇಂಥ ಚೌಕಾಸಿಯಲ್ಲಿ ಮನಸ್ತಾಪ ಬರುವುದಿಲ್ಲ, ಯಾಕೆ ಕಡಿಮೆ ಅನ್ನುವುದು ಇಬ್ಬರ ಕಣ್ಣೆದುರೇ ಇರುತ್ತದೆ.

ಹಣ ಕೊಡುವ ಮೊದಲು ಕಾಗದ ಪತ್ರ. ಹ್ಯಾಂಡಲ್ ಬುಡದ ಕಂಬದ ಮೇಲೆ ಕೊರೆದ ಚಾಸಿ ನಂಬರ್, ಇಂಜಿನ್ ಮೇಲಿನ ನಂಬರ್, ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಸಾಲದ ಹೆಸರು ಉಳಿದಿದೆಯಾ ಅಂತ ನೋಡಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುವ ಗಾಡಿಗಳು ತುಂಬ ಇವೆ. ಆಗ ಮಾರುವವರೇ ಬ್ಯಾಂಕಿನಿಂದ ಎನ್‌ಓಸಿ ಮತ್ತು ಫಾರಂ 35 ತಂದು ಮೊದಲು ಅದನ್ನು ತೆಗೆಸಬೇಕು. ಗೌಡ್ರದ್ದು ಕ್ಲಿಯರ್ ಇತ್ತು. ಗಾಡಿ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಅವರ ಸಹಿ ಅಲ್ಲೇ ಆಯಿತು. ಕೆಎ 14ರ ಗಾಡಿ, ಲೈಫ್ ಟ್ಯಾಕ್ಸ್ ಕಟ್ಟಿಯೇ ಇತ್ತು. ಹೊರ ರಾಜ್ಯದ ನಂಬರ್ ಆಗಿದ್ದರೆ ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕಿತ್ತು. ಇನ್ಶೂರೆನ್ಸ್ ಹೆಸರು ಬದಲಾಯಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ದಯವಿಟ್ಟು ಇದನ್ನು ಮುಂದೂಡಬೇಡಿ.

ಉಳಿದ ದುಡ್ಡಿನಲ್ಲಿ ಚೈನ್ ಸೆಟ್, ಟೈರ್, ಇಂಜಿನ್ ಆಯಿಲ್, ಏರ್ ಫಿಲ್ಟರ್, ಪ್ಲಗ್, ಹಿಂದಿನ ಬ್ರೇಕ್ ಶೂ ಬದಲಿಸಿದೆ. ಡಿಸ್ಕಿನ ಬ್ರೇಕ್ ಆಯಿಲ್ ಕೂಡ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಹವೆಗೆ ಅದನ್ನು ಹಳತಾಗಲು ಬಿಡಬಾರದು. ಮುಂದಿನ ಟೈರಿನ ಪಕ್ಕದಲ್ಲಿ 2119 ಅಂತ ಇದೆ, 2019ರ 21ನೇ ವಾರದ್ದು ಅಂತ ಅರ್ಥ. ಗೆರೆ ಇನ್ನೂ ಚೆನ್ನಾಗಿದೆ, ರಬ್ಬರ್ ಮಾತ್ರ ಬಿರುಸಾಗಿದೆ. ಜೂನಿಗೆ ಮೊದಲು ಅದನ್ನೂ ತೆಗೆಸುತ್ತೇನೆ. ಆಮೇಲೆಯೇ ಆಗುಂಬೆ ಘಾಟಿ.